ಅಪ್‌ಡೇಟ್: ಕಾಟ್ಲಾ ಕಿವಿರಿನ ಹುಳು ಯಾವುದು ಅಂತ ಗೊತ್ತಾಯ್ತು

ಯಶವಂತಪುರದಲ್ಲಿ ಕೊಂಡ ಕಾಟ್ಲಾ ಮೀನಿನ ಕಿವಿರಲ್ಲಿ ಸಿಕ್ಕ ಚಪ್ಪಟೆ ಹುಳು ಗೈರೊಡ್ಯಾಕ್ಟೈಲಸ್ ಅನ್ನೋ ಪರಾವಲಂಬಿ ಕುಲದ್ದಾ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಅದಲ್ಲ. "ಮೊದಲು ಕಣ್ಣುಚುಕ್ಕೆ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತಲೆ ಕಡೆ ನಾಲ್ಕು ಕಪ್ಪು ಚುಕ್ಕೆ, ಸಾಸಿವೆ ಉದುರಿಸಿದ ಹಾಗೆ. ಗೈರೊಡ್ಯಾಕ್ಟೈಲಸ್‌ಗೆ ಈ ಚುಕ್ಕೆ ಇರಲ್ಲ. ಅದು ಮರಿ ಹಾಕೋ ಹುಳು, ಒಳಗಿನ ಮರಿಯ ಕೊಕ್ಕೆಗಳೂ ಎಷ್ಟೋ ಸಲ ಕಾಣುತ್ತವೆ. ನನ್ನದರಲ್ಲಿ ಮರಿಯೂ ಇಲ್ಲ. ಮೀನಿಗೆ ಅಂಟಿಕೊಳ್ಳೋ ಹಿಂಭಾಗದ ಹಿಡಿಕೆಯಲ್ಲಿ ದೊಡ್ಡ ಕೊಕ್ಕೆ ಒಂದೇ ಜೋಡಿ, ಅಂಚಿಗೆ ಸಣ್ಣವು 14. ಗೈರೊಡ್ಯಾಕ್ಟೈಲಸ್ ಆಗಿದ್ದರೆ 16 ಇರಬೇಕಿತ್ತು.

ಈ 14 ಎಣಿಸೋಕೆ ಎರಡು ಸಂಜೆ ಹೋಯ್ತು ಮಾರಾಯ್ರೆ! ಕೊಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು. ಫಿಲ್ಟರ್ ಪೇಪರ್ ಚೂರನ್ನ ಕವರ್‌ಸ್ಲಿಪ್ (ಹುಳುವಿನ ಮೇಲೆ ಮುಚ್ಚೋ ತೆಳು ಗಾಜು) ಅಂಚಿಗಿಟ್ಟು ನೀರು ಹೀರಿಸಿದೆ, ಹುಳು ಅಪ್ಪಚ್ಚಿಯಾಗಿ ಎಲ್ಲಾ ಬಿಡಿಬಿಡಿಯಾದವು.

ಸೋ, ಈ ಚುಕ್ಕೆ, ಕೊಕ್ಕೆ ಎಲ್ಲಾ ಸೇರಿಸಿ ನೋಡಿದ್ರೆ ಕುಲ ಡ್ಯಾಕ್ಟೈಲೊಗೈರಸ್. ಪ್ರಭೇದ ಹೇಳೋಕೆ ಗಂಡು ಅಂಗದ ಗಟ್ಟಿ ಭಾಗದ ಆಕಾರ, ಅಳತೆ ಬೇಕು, ಡ್ರಾಯಿಂಗ್ ಮಾಡ್ತಿದ್ದೀನಿ. ಡಿಎನ್‌ಎ ಆಸೆ ಬಿಟ್ಟೆ, ದಡ್ಡತನಕ್ಕೆ ಸಿಕ್ಕ ಹುಳುಗಳನ್ನೆಲ್ಲಾ ಡಿಎನ್‌ಎ ಹಾಳು ಮಾಡೋ ಫಾರ್ಮಲಿನ್‌ಗೆ ಹಾಕಿಬಿಟ್ಟಿದ್ದೆ. ಮುಂದಿನ ಮೀನಿನ ಹುಳು ನೇರ ಆಲ್ಕೋಹಾಲ್‌ಗೆ.

ಮೀನು ಏನಾಯ್ತು ಅಂತ ಕೇಳಿದ್ರಲ್ಲ, ಅಮ್ಮ ಅವತ್ತೇ ಸಾರು ಮಾಡಿದ್ರು. ಈ ಹುಳು ಮನುಷ್ಯರಿಗೆ ಹತ್ತಲ್ಲ.