ಕಚೇರಿಗೆ ದಿನವೂ ಇಳಕಲ್ ಸೀರೆ ಉಡಬಹುದೇ? ಬಣ್ಣ, ಕುಪ್ಪಸ ಮತ್ತು ಅಸಲಿ ನೇಯ್ಗೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಮಲಪ್ರಭೆಯ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವಳು, ಓದು ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮನೆಯಲ್ಲಿ ಅವ್ವ, ಅಜ್ಜಿ, ಚಿಕ್ಕವ್ವಂದಿರು ಹೊಲಕ್ಕೆ ಹೋಗುವಾಗಲೂ ಸಂತೆಗೆ ಹೋಗುವಾಗಲೂ ಇಳಕಲ್ ಸೀರೆಯನ್ನೇ ಉಡುತ್ತಿದ್ದರು. ಅದು ಹಬ್ಬಕ್ಕೆಂದು ಎತ್ತಿಡುವ ಉಡುಪು ಎಂದು ನಮಗಾರಿಗೂ ಅನ್ನಿಸಿರಲಿಲ್ಲ. ಇಲ್ಲಿ ಮಾತ್ರ ಪರಿಸ್ಥಿತಿ ಬೇರೆ. ರಾಜ್ಯೋತ್ಸವದ ದಿನ ಇಡೀ ಕಚೇರಿಯೇ ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳುತ್ತದೆ, ಆದರೆ ಉಳಿದ ದಿನಗಳಲ್ಲಿ ನಾನೊಬ್ಬಳೇ ಉಟ್ಟು ಹೋದರೆ "ಇವತ್ತೇನು ವಿಶೇಷ, ಮದುವೆಗೆ ಹೊರಟಿದ್ದೀರಾ?" ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಕುಹಕವೇನೂ ಇರುವುದಿಲ್ಲ, ಆದರೂ ಪ್ರತಿ ಸಲ ಉತ್ತರ ಕೊಡುವುದು ಬೇಸರದ ಕೆಲಸ.

ವಾರಕ್ಕೆ ಎರಡು ಮೂರು ದಿನವಾದರೂ ಸೀರೆಯಲ್ಲೇ ಹೋಗಬೇಕೆಂದು ಈಗ ನಿರ್ಧರಿಸಿದ್ದೇನೆ. ಅದಕ್ಕೆ ಮೊದಲು ಕೆಲವು ಗೊಂದಲಗಳು ಪರಿಹಾರವಾಗಬೇಕಿದೆ. ನನ್ನದು ಎಣ್ಣೆಗಪ್ಪು ಬಣ್ಣ. ಸಂಬಂಧಿಕರಲ್ಲಿ ಕೆಲವರು "ನಿನಗೆ ತಿಳಿ ಬಣ್ಣವೇ ಒಪ್ಪುವುದು, ಗಾಢ ನೀಲಿ, ಕಪ್ಪು ಬೇಡ" ಎಂದು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾರೆ, ಆದರೆ ನನ್ನ ಕಣ್ಣು ಹೋಗುವುದು ಆ ಗಾಢ ಬಣ್ಣಗಳ ಕಡೆಗೇ. ಇನ್ನು, ಕೆಂಪು ಸೆರಗಿನ ಸೀರೆಗೆ ಗುಳೇದಗುಡ್ಡದ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ) ಕುಪ್ಪಸ ತೊಟ್ಟರೆ ಕಚೇರಿಯ ಮಟ್ಟಿಗೆ ಆಡಂಬರವಾಗಬಹುದೇ ಎಂಬ ಅನುಮಾನವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂತರ್ಜಾಲದಲ್ಲಿ "ಇಳಕಲ್" ಎಂಬ ಹೆಸರಿನಲ್ಲಿ ಮಾರಾಟಕ್ಕಿರುವ ಸೀರೆಗಳಲ್ಲಿ ನಿಜವಾಗಿ ಇಳಕಲ್ ಪದ್ಧತಿಯಲ್ಲಿ ನೇಯ್ದದ್ದು ಯಾವುದು ಎಂದು ಗುರುತಿಸುವುದು ಹೇಗೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಾಸುಹೊಕ್ಕು

ತಂಗಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮಗ್ಗದ ಮನೆಯಲ್ಲಿ ಬೆಳೆದ ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ.

ಇಳಕಲ್ ಸೀರೆಯ ವೈಶಿಷ್ಟ್ಯ ಬಣ್ಣದಲ್ಲಿಯೂ ಇಲ್ಲ, ದಡಿಯಲ್ಲಿಯೂ ಇಲ್ಲ, ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿದೆ. ಬೇರೆ ಬಹುತೇಕ ಸೀರೆಗಳಲ್ಲಿ ಒಂದೇ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ, ಸೆರಗು ಬಂದಾಗ ನೇಕಾರ ಅಡ್ಡಕ್ಕೆ ಹಾಯಿಸುವ ಹೊಕ್ಕಿನ ನೂಲನ್ನು ಮಾತ್ರ ಬದಲಿಸುತ್ತಾನೆ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು ಅಥವಾ ನಮ್ಮ ಕಡೆ ಚಮಕಾ ಎನ್ನುವ ಕೃತಕ ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ಈ ಕಾರಣದಿಂದಾಗಿ ಉದ್ದನೆಯ ಹಾಸು ಹೂಡಿ ಸಾಲಾಗಿ ಹಲವು ಸೀರೆ ನೇಯ್ದು ಕತ್ತರಿಸುವುದು ಸಾಧ್ಯವಾಗುವುದಿಲ್ಲ, ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧವಾಗಬೇಕು. ಮಗ್ಗದ ಮುಂದೆ ಕೂರುವವರ ಹೆಸರು ಎಲ್ಲರಿಗೂ ತಿಳಿಯುತ್ತದೆ, ಆದರೆ ಕಂಡಿಕೆ ಸುತ್ತಿ ನೂಲು ಸಿದ್ಧಪಡಿಸುವ ಹೆಂಗಸರ ದುಡಿಮೆ ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆದ್ದರಿಂದ ಸೀರೆ ಕೈಗೆ ಬಂದ ಕೂಡಲೇ ಅದನ್ನು ಬಿಡಿಸಿ, ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಅಸಲಿಯಾದರೆ ಅಲ್ಲಿ ಕೊಂಡಿಗಳ ಸಣ್ಣ ಸಾಲು ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಅದಕ್ಕಿಂತ ಸುಲಭವಾದ ಗುರುತು ಸೆರಗಿನ ಕೆಂಪು. ಕೊಂಡಿ ಹಾಕಿದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು ಇರುವುದರಿಂದ ಬಣ್ಣ ಗಟ್ಟಿಯಾಗಿ, ಒಂದೇ ಸಮನೆ ಇರುತ್ತದೆ. ಒಂದೇ ಹಾಸಿನಲ್ಲಿ ಮುಗಿಸಿದ ನಕಲಿಯಲ್ಲಿ ಹೊಕ್ಕು ಮಾತ್ರ ಕೆಂಪಾಗಿ, ಒಡಲಿನ ಹಸಿರೋ ನೀಲಿಯೋ ಒಳಗಿನಿಂದ ಇಣುಕುತ್ತದೆ, ಸೆರಗನ್ನು ಓರೆಯಾಗಿ ಹಿಡಿದರೆ ಬಣ್ಣ ಬದಲಾದಂತೆ ತೋರುತ್ತದೆ. ಕೆಂಪಿನ ನಡುವೆ ಬಿಳಿಯ ತೆನಿ ವಿನ್ಯಾಸ ಮೂಡಿರುವ ಟೋಪ್ ತೆನಿ ಸೆರಗನ್ನು ನೀವು ಮನೆಯಲ್ಲಿ ಸಾಕಷ್ಟು ನೋಡಿರುತ್ತೀರಿ. ಆ ವಿನ್ಯಾಸವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿದ ಸೀರೆಗಳೂ ಈಗ ಬರುತ್ತಿವೆ, ಹಿಂಬದಿ ತಿರುಗಿಸಿದರೆ ಅವುಗಳ ಗುಟ್ಟು ಬಯಲಾಗುತ್ತದೆ. ಅಂಚಿನ ಸಣ್ಣ ತೂತುಗಳನ್ನು ತೋರಿಸಿ "ಇದು ಕೈಮಗ್ಗದ್ದೇ" ಎನ್ನುವ ವ್ಯಾಪಾರಿಯನ್ನು ಅಷ್ಟಕ್ಕೇ ನಂಬಬೇಡಿ, ಅಂಥ ತೂತುಗಳು ವಿದ್ಯುತ್ ಮಗ್ಗದ ಬಟ್ಟೆಯಲ್ಲಿಯೂ ಇರುತ್ತವೆ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ (ಜಿಐ, ಆಯಾ ಊರಿನ ಸರಕೆಂಬ ಕಾನೂನಿನ ಗುರುತು) ಮಾನ್ಯತೆ ಇದೆ. ಬಟ್ಟೆ ಕೈಮಗ್ಗದ್ದೆಂದು ತೋರಿಸಲು ಕೇಂದ್ರ ಸರ್ಕಾರ 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಹಾಗೆಂದು ಚೀಟಿ ಇಲ್ಲದ್ದೆಲ್ಲ ಸುಳ್ಳೆಂದು ತಿಳಿಯುವುದು ಸರಿಯಲ್ಲ, ನೇಕಾರರ ಮನೆಯಿಂದ ನೇರವಾಗಿ ಕೊಂಡ ಎಷ್ಟೋ ಸೀರೆಗಳಿಗೆ ಯಾವ ಚೀಟಿಯೂ ಇರುವುದಿಲ್ಲ.

ಉತ್ತರ: ಗೋಮಿ ದಡಿ

ಹಾಸುಹೊಕ್ಕು ಅವರು ನೇಯ್ಗೆಯ ಬಗ್ಗೆ ಬರೆದ ಮೇಲೆ ಅಲ್ಲಿ ಸೇರಿಸುವುದೇನೂ ಉಳಿದಿಲ್ಲ. ನಾನು ಬಣ್ಣದ ಮಾತಿಗೆ ಬರುತ್ತೇನೆ.

"ಕಪ್ಪಗಿರುವವರಿಗೆ ತಿಳಿ ಬಣ್ಣವೇ ಒಪ್ಪುತ್ತದೆ" ಎಂಬುದು ಸೌಂದರ್ಯದ ನಿಯಮವಲ್ಲ, ಮೈಬಣ್ಣವನ್ನು ಮರೆಮಾಚಬೇಕೆಂಬ ಹಟದಿಂದ ಹುಟ್ಟಿದ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ. ಎರೆ ಹೊಲದ ಬಿಸಿಲಿನಲ್ಲಿ ದುಡಿದ ಹೆಂಗಸರು ತಲೆಮಾರುಗಳಿಂದ ಉಟ್ಟುಕೊಂಡು ಬಂದಿರುವುದು ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರುಗಳನ್ನೇ. ಆ ಬಣ್ಣಗಳು ಅವರಿಗೆ ಒಪ್ಪದೇ ಇದ್ದಿದ್ದರೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಕೆಂಪು ದಡಿಯ ಕಪ್ಪು ಚಂದ್ರಕಾಳಿ ಸೀರೆಯನ್ನು ನಮ್ಮ ಕಡೆ ಮದುಮಗಳಿಗೇ ಕೊಡುತ್ತಿದ್ದರು, ಮೈಬಣ್ಣ ನೋಡಿ ಕೊಡುತ್ತಿರಲಿಲ್ಲ. ನಿಮ್ಮ ಕಣ್ಣು ಗಾಢ ನೀಲಿಯ ಕಡೆ ಹೋದರೆ ಗಾಢ ನೀಲಿಯನ್ನೇ ಕೊಳ್ಳಿ.

ಆದರೆ ಬಣ್ಣ ಆರಿಸುವಾಗ ಒಂದು ಸೂಕ್ಷ್ಮವಿದೆ. ಮುಖದ ಹತ್ತಿರ ಇರುವುದು ಒಡಲಿನ ಬಣ್ಣಕ್ಕಿಂತ ಹೆಚ್ಚಾಗಿ ಹೆಗಲ ಮೇಲಿನ ನೆರಿಗೆ ಮತ್ತು ಕುಪ್ಪಸದ ಬಣ್ಣ. ಆದ್ದರಿಂದ ಮೊದಲು ಕುಪ್ಪಸವನ್ನು ಮುಖದ ಪಕ್ಕ ಹಿಡಿದು, ಅಂಗಡಿಯ ದೀಪದಲ್ಲಲ್ಲ, ಹೊರಗಿನ ಬೆಳಕಿನಲ್ಲಿ ನೋಡಿ. ಖಣದ ವಿಷಯದಲ್ಲಿ ನಿಮ್ಮ ಅನುಮಾನ ಅರ್ಧ ಸರಿ. ದಪ್ಪ ಹೂಬಳ್ಳಿಯ, ಹೊಳೆಯುವ ಖಣವನ್ನು ಅಗಲ ದಡಿಯ ಸೀರೆಯ ಜೊತೆ ತೊಟ್ಟರೆ ಎರಡೂ ಒಂದರ ಮೇಲೊಂದು ಮಾತನಾಡಿದಂತಾಗುತ್ತದೆ. ಸಣ್ಣ ವಿನ್ಯಾಸದ ಖಣವನ್ನು ಆರಿಸಿ, ಕೊರಳ ಪಟ್ಟಿ ಇಟ್ಟು, ಮೊಣಕೈವರೆಗಿನ ತೋಳಿನ ಅಂಗಿಯಂತೆ ಹೊಲಿಸಿದರೆ ಕಚೇರಿಗೆ ಬಹಳ ಗಂಭೀರವಾಗಿ ಕಾಣುತ್ತದೆ. ಖಣದ ಅಗಲ ಕಡಿಮೆ ಇರುತ್ತದೆಯಾದ್ದರಿಂದ ಇಂಥ ಹೊಲಿಗೆಗೆ ಎಷ್ಟು ಬಟ್ಟೆ ಬೇಕೆಂದು ದರ್ಜಿಯನ್ನು ಮೊದಲೇ ಕೇಳಿಕೊಂಡು ಕೊಳ್ಳಿ. ಆ ದಿನ ಕಿವಿಗೆ ಸಣ್ಣ ಓಲೆ ಸಾಕು, ಕೊರಳಿಗೆ ಏನೂ ಬೇಡ.

ಮಲಪ್ರಭೆಯ ಮಗಳು

ಇಬ್ಬರಿಗೂ ಧನ್ಯವಾದಗಳು, ಅಕ್ಕ. ಸೆರಗಿನ ಕೆಂಪಿನ ಪರೀಕ್ಷೆಯನ್ನು ನನ್ನ ಬಳಿ ಇರುವ ಸೀರೆಗಳ ಮೇಲೆ ಈಗಲೇ ಮಾಡಿ ನೋಡಿದೆ. ಅವ್ವ ಕೊಟ್ಟದ್ದರಲ್ಲಿ ಕೊಂಡಿಯ ಸಾಲು ಸ್ಪಷ್ಟವಾಗಿದೆ, ಅಂತರ್ಜಾಲದಲ್ಲಿ ತರಿಸಿದ್ದರಲ್ಲಿ ಕೆಂಪಿನೊಳಗೆ ಹಸಿರು ಕಾಣುತ್ತಿದೆ. ಇನ್ನೊಂದು ಸಂದೇಹ: ಅವ್ವನ ಸೀರೆಯ ಮೇಲೆ ಕಸೂತಿ ಹಾಕಿಸಿದರೆ ಹೇಗೆ? ಪದೇ ಪದೇ ಉಟ್ಟು ಒಗೆಯುವ ಸೀರೆಗೆ ಅದು ತಾಳುತ್ತದೆಯೇ?

ಉತ್ತರ: ಧಾರವಾಡದ ಸೂಜಿ

ತಾಳುತ್ತದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಹೊಲಿಯಬೇಕು. ಆ ಕಾರಣಕ್ಕೆ ಎಳೆಗಳು ಕಣ್ಣಿಗೆ ಕಾಣುವ ನಿಮ್ಮ ಅವ್ವನ ಹತ್ತಿ ಸೀರೆ ಅದಕ್ಕೆ ಹೇಳಿಮಾಡಿಸಿದಂತಿದೆ, ನುಣುಪಾದ ಪಾಲಿಯೆಸ್ಟರ್ ಮೇಲೆ ಈ ಕೆಲಸ ಬಲು ಕಷ್ಟ. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂಥಿ. ಗವಂತಿಯಲ್ಲಿ ಎಳೆ ಎಣಿಸಿ ಕೆಲವನ್ನು ಹಿಡಿದು ಕೆಲವನ್ನು ಬಿಡುತ್ತಾ ಮುಂದೆ ಹೋಗಿ, ಹಿಂತಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತೇವೆ. ಗಂಟು ಹಾಕುವುದಿಲ್ಲ, ಒಳಗೂ ಹೊರಗೂ ಚಿತ್ರ ಒಂದೇ ರೀತಿ ಮೂಡುತ್ತದೆ. ಹಿಂಬದಿಯಲ್ಲಿ ಬೇರೆ ಬಣ್ಣದ ದಾರ ಓಡಿದ್ದರೆ ಅದು ಯಂತ್ರದ ಕೆಲಸವೆಂದು ತಿಳಿಯಿರಿ.

ದಿನಬಳಕೆಗೆ ತೇರು, ಗೋಪುರ, ಅಂಬಾರಿ ಆನೆಗಳಂಥ ದೊಡ್ಡ ಚಿತ್ರಗಳನ್ನು ಒಡಲ ತುಂಬ ಹಾಕಿಸಬೇಡಿ. ನೆರಿಗೆಯಲ್ಲಿ ಅವು ಮುಚ್ಚಿಹೋಗುತ್ತವೆ, ಮಜೂರಿಯೂ ಬಹಳವಾಗುತ್ತದೆ. ಹೆಗಲ ಮೇಲೆ ಬರುವ ಭಾಗದಲ್ಲಿ ಬಿಡಿ ಚಿಕ್ಕಿಗಳು (ನಕ್ಷತ್ರಗಳು), ಅಥವಾ ಕುಪ್ಪಸದ ತೋಳಿಗೆ ಒಂದು ಸಾಲು ಅಂಕುಡೊಂಕಿನ ಮುರಗಿ ಇದ್ದರೆ ಸಾಕು. ಹೊಲಿಗೆಯ ದಾರದ ಬಣ್ಣ ನಿಲ್ಲುತ್ತದೆಯೇ ಎಂದು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿಕೊಂಡೇ ಕೆಲಸಕ್ಕೆ ಕೊಡಿ.

ಒಗೆಯುವಾಗ ಸೆರಗಿನ ಕಡೆ ಗಮನವಿರಲಿ. ಚಮಕಾ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಹತ್ತಿಯಾದರೋ ಒದ್ದೆಯಾದಾಗ ಕುಗ್ಗುವ ಸ್ವಭಾವದ್ದು. ಈ ಎರಡೂ ಕೊಂಡಿಯ ಸಾಲಿನಲ್ಲಿಯೇ ಕೂಡುವುದರಿಂದ ಅಲ್ಲಿ ಹಿಂಡುವುದು, ಬ್ರಷ್ ಹಾಕುವುದು, ಕಲ್ಲಿಗೆ ಬಡಿಯುವುದು ಬೇಡ. ತಣ್ಣೀರಿನಲ್ಲಿ ಬೇರೆಯಾಗಿ ಅದ್ದಿ, ಹಿಂಡದೆ ನೀರು ಸೋರಲು ಬಿಟ್ಟು, ನೆರಳಿನಲ್ಲಿ ಒಣಗಿಸಿ.

ಉತ್ತರ: ಪೇಟೆ ಲೆಕ್ಕ

ಮೇಲಿನವರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಮೆಟ್ರೊದಲ್ಲಿ ನಿಂತು ಹೋಗುವ, ಕ್ಯಾಂಟೀನಿನಲ್ಲಿ ಸಾಂಬಾರು ಚೆಲ್ಲಿಸಿಕೊಳ್ಳುವ ಸೀರೆ ಪ್ರತಿಯೊಂದೂ ಕೊಂಡಿ ಹಾಕಿದ ಕೈಮಗ್ಗದ್ದೇ ಆಗಬೇಕೆಂದು ಹಟ ಹಿಡಿದರೆ ಈ ಹುಡುಗಿಯ ಸಂಬಳ ಅದಕ್ಕೇ ಹೋದೀತು. ವಿದ್ಯುತ್ ಮಗ್ಗದ ಹತ್ತಿ ಸೀರೆಯನ್ನು ಅದೇ ಹೆಸರು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ನನ್ನ ಅಭ್ಯಂತರವಿಲ್ಲ. ಅದನ್ನು ಕೈಮಗ್ಗದ್ದೆಂದು ಹೇಳಿ ಮಾರುವುದು ಮೋಸ, ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಿಂದಲೂ ಇದೆ. ಎರಡು ಅಸಲಿ ಸೀರೆ, ಉಳಿದದ್ದು ಸಾದಾ ಹತ್ತಿ ಎಂದು ಇಟ್ಟುಕೊಳ್ಳುವುದು ವ್ಯವಹಾರಕ್ಕೆ ಸರಿಹೋಗುತ್ತದೆ. ಬೆಂಗಳೂರಿನಲ್ಲಿಯೇ ಕೊಳ್ಳುವುದಾದರೆ ರಾಜ್ಯ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲಿ ವಿಚಾರಿಸಿ, ಊರಿಗೆ ಹೋದಾಗ ಕೊಳ್ಳುವುದಾದರೆ ಇಳಕಲ್ಲಿಗೇ ಹೋಗಿ ಬನ್ನಿ, ಗದಗಿನವರಿಗೆ ಅದು ದೂರವೇನಲ್ಲ.

ಸಹೋದ್ಯೋಗಿಗಳು "ಏನು ವಿಶೇಷ" ಎಂದು ಕೇಳಿದರೆ ವಾರದ ಹೆಸರು ಹೇಳಿಬಿಡಿ. ಸೆರಗನ್ನು ಮಾತ್ರ ಹೆಗಲ ಮೇಲೆ ನೆರಿಗೆ ಹಿಡಿದು ಪಿನ್ ಹಾಕಿಕೊಂಡೇ ಹೊರಡಿ, ಒಡಲಿಗಿಂತ ಅದು ನುಣುಪು, ಮೆಟ್ಟಿಲು ಹತ್ತುವಾಗ ಜಾರುತ್ತದೆ.