ಅಪ್‌ಡೇಟ್: ಮಗಳ ಜೊತೆ ಪುಣೆಗೆ ಹೋಗಲು ಕೋರ್ಟ್ ಒಪ್ಪಿತು

ಡಿವೋರ್ಸ್ ಕೇಸ್ ನಡೆಯುವಾಗಲೇ ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಪುಣೆಗೆ ಕೆಲಸಕ್ಕೆ ಹೋಗಬಹುದಾ ಅಂತ ಕೇಳಿದ್ದೆ. ಸುಮ್ನೆ ಹೊರಟುಬಿಡಬೇಡಿ, ಮೊದಲು ಕೋರ್ಟ್ ಅನುಮತಿ ತಗೊಳ್ಳಿ ಅಂದಿರಿ. ಹಾಗೇ ಮಾಡಿದೆ. ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 26ರ ಕೆಳಗೆ ಲಾಯರ್ ಅರ್ಜಿ ಹಾಕಿದರು. ಕೇಸ್ ಮುಗಿಯುವವರೆಗೆ ಮಗು ಯಾರ ಹತ್ತಿರ ಇರಬೇಕು ಅನ್ನುವ ಮಧ್ಯಂತರ ಆದೇಶ ಇದರಲ್ಲೇ ಬರುತ್ತದೆ. ಆಫರ್ ಲೆಟರ್, ಶಾಲೆಯ ಸೀಟಿನ ಪತ್ರ, ನನ್ನ ಅಮ್ಮ ಜೊತೆಗಿರುತ್ತಾರೆ ಅನ್ನುವ ಅಫಿಡವಿಟ್ ಕೊಟ್ಟೆವು. ಜಡ್ಜ್ ನನ್ನ ಸಂಬಳದ ಬಗ್ಗೆ ಜಾಸ್ತಿ ಕೇಳಲಿಲ್ಲ. ಮಗು ಅಪ್ಪನನ್ನು ಯಾವಾಗ, ಹೇಗೆ ನೋಡುತ್ತದೆ ಅಂತಲೇ ಕೇಳಿದರು. ಮಗಳನ್ನೂ ಚೇಂಬರ್‌ಗೆ ಕರೆದು ಮಾತಾಡಿಸಿದರು. ಬೇಸಿಗೆ ರಜೆಯಲ್ಲಿ ಅರ್ಧ ಅಪ್ಪನ ಹತ್ತಿರ, ದಿನಾ ಸಂಜೆ ವಿಡಿಯೋ ಕಾಲ್ ಅಂತ ಆದೇಶವಾಗಿದೆ. ನನಗೂ ಇದೇ ಸರಿ ಅನಿಸಿತು. ಅವಳಿಗೆ ಅಪ್ಪನೂ ಬೇಕು ಅಲ್ವಾ? ಕೇಸ್ ಮಾತ್ರ ಬೆಂಗಳೂರಿನಲ್ಲೇ ನಡೆಯುತ್ತದೆ.