ಟೈ ಸೀಗಲ್ ಗ್ಯಾರೇಜ್ ರಾಕ್ ಬಿಟ್ಟುಬಿಟ್ಟರೇ?

ಪ್ರಶ್ನೆ | ತಂತಿನಾದ

ಅಮೆರಿಕದ ರಾಕ್ ಸಂಗೀತಗಾರ ಟೈ ಸೀಗಲ್ ತಮ್ಮ ವಾದ್ಯತಂಡದೊಂದಿಗೆ 2012ರಲ್ಲಿ ಹೊರತಂದ ‘ಸ್ಲಾಟರ್‌ಹೌಸ್’ ಆಲ್ಬಮ್ ನನಗೆ ಅಚ್ಚುಮೆಚ್ಚು. ಆ ಅಬ್ಬರವನ್ನೇ ನಿರೀಕ್ಷಿಸುತ್ತ 2022ರ ‘ಹಲೋ, ಹಾಯ್’ ಹಾಕಿದರೆ ಕೇಳಿಸಿದ್ದು ಬಹುಪಾಲು ಅಕೂಸ್ಟಿಕ್ ಗಿಟಾರ್ ಮತ್ತು ಪದರಪದರವಾಗಿ ಜೋಡಿಸಿದ ಮೆಲುದನಿ. ಅದಕ್ಕೆ ಒಂದು ವರ್ಷ ಮೊದಲು ಬಂದ ‘ಹಾರ್ಮನೈಸರ್’ನಲ್ಲಿ ಸಿಂಥಸೈಜರ್‌ಗಳದ್ದೇ ಮೇಲುಗೈ. ಇದನ್ನು ಬೆಳವಣಿಗೆ ಎನ್ನಬೇಕೋ, ಸರಳ, ಒರಟು, ಅಬ್ಬರದ ಶೈಲಿಯಾದ ಗ್ಯಾರೇಜ್ ರಾಕ್‌ಗೆ ವಿದಾಯ ಎನ್ನಬೇಕೋ? ಯಾವ ಆಲ್ಬಮ್‌ಗಳನ್ನು ಕೇಳಿದರೆ ಈ ಹಾದಿ ಅರ್ಥವಾದೀತು?

ಉತ್ತರ | ನಾಲ್ಕನೇ ಟ್ರ್ಯಾಕ್

ವಿದಾಯ ಎಂದು ನಾನು ಒಪ್ಪುವುದಿಲ್ಲ. ಸೀಗಲ್ ಅವರ ಮೊದಲ ಏಕವ್ಯಕ್ತಿ ಆಲ್ಬಮ್ 2008ರಲ್ಲಿ, ಸಂಗೀತಗಾರ ಜಾನ್ ಡ್ವಯರ್ ಅವರ ಕ್ಯಾಸಲ್ ಫೇಸ್ ಎಂಬ ಧ್ವನಿಮುದ್ರಣ ಲೇಬಲ್‌ನಿಂದ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಆ ದಿನಗಳಲ್ಲಿ ಅವರು ಗಿಟಾರ್ ನುಡಿಸುತ್ತ, ಹಾಡುತ್ತ, ಕಾಲಿನಿಂದ ಬಾಸ್ ಡ್ರಮ್ ಬಾರಿಸುತ್ತ ಒಬ್ಬರೇ ಇಡೀ ಕಛೇರಿ ನಡೆಸುತ್ತಿದ್ದರು. ಇದನ್ನು ಕೇವಲ ಕಸರತ್ತು ಎಂದುಕೊಳ್ಳಬಾರದು. ತಾಳದ ಹೊಣೆ ಕಾಲಿನ ಮೇಲಿದ್ದಾಗ ಕೈ ಸಂಕೀರ್ಣ ನಡೆಗಳಿಗೆ ಹೋಗಲಾರದು. ಎರಡು ಮೂರು ಸ್ವರಗುಚ್ಛ (ಕಾರ್ಡ್)‌ಗಳ ಒಳಗೇ ಹಾಡು ನಿಲ್ಲಬೇಕು, ದನಿಯೇ ಅದನ್ನು ಮುಂದಕ್ಕೆ ಒಯ್ಯಬೇಕು. ತಮಗೆ ತಾವೇ ಒಂದು ಮಿತಿ ಹಾಕಿಕೊಂಡು ಅದರೊಳಗೆ ಹಾಡು ಕಟ್ಟುವ ಈ ಅಭ್ಯಾಸವನ್ನು ಅವರು ಇಂದಿಗೂ ಬಿಟ್ಟಿಲ್ಲ ಎಂಬುದೇ ನನ್ನ ವಾದ.

2013ನೇ ವರ್ಷವನ್ನೇ ನೋಡಿ. ತಂದೆಯ ಮರಣದ ಬಳಿಕ ಬರೆದ ‘ಸ್ಲೀಪರ್’ನಲ್ಲಿ ಹೆಚ್ಚುಕಡಿಮೆ ಅಕೂಸ್ಟಿಕ್ ಗಿಟಾರ್ ಮತ್ತು ಕಂಠ ಇವೆರಡೇ ಇವೆ. ಅದೇ ವರ್ಷ ಚಾರ್ಲ್ಸ್ ಮೂಟ್‌ಹಾರ್ಟ್ ಗಿಟಾರ್ ನುಡಿಸುವ ‘ಫಜ್’ ತಂಡದ ಮೊದಲ ಆಲ್ಬಮ್ ಹೊರಬಂತು; ಅದರಲ್ಲಿ ಸೀಗಲ್ ಡ್ರಮ್ಸ್ ಬಾರಿಸುತ್ತ ಹಾಡುತ್ತಾರೆ, ಮತ್ತು ಆ ಸಂಗೀತ ಅವರ ಕೆಲಸದಲ್ಲೇ ಅತ್ಯಂತ ಭಾರವಾದವುಗಳಲ್ಲಿ ಒಂದು. ಹೀಗಾಗಿ ‘ಮೊದಲು ಅಬ್ಬರ, ಆಮೇಲೆ ಮೌನ’ ಎಂಬ ಸರಳರೇಖೆ ಇಲ್ಲಿ ಸಿಗುವುದಿಲ್ಲ. ಎರಡೂ ಒಟ್ಟೊಟ್ಟಿಗೇ ನಡೆದಿವೆ.

2019ರ ‘ಫಸ್ಟ್ ಟೇಸ್ಟ್’ನಲ್ಲಿ ಅವರು ಗಿಟಾರ್ ಅನ್ನೇ ಕೈಬಿಟ್ಟು ಗ್ರೀಸ್‌ನ ಬೊಝೂಕಿ, ಜಪಾನಿನ ಕೋಟೋ ಮುಂತಾದ ತಂತಿ ವಾದ್ಯಗಳನ್ನು ಹಿಡಿದರು. ಆದರೂ ಆ ತಂತಿಗಳು ವಿಕೃತಗೊಂಡು ಗುರುಗುಡುವಾಗ, ನೀವು ‘ಸ್ಲಾಟರ್‌ಹೌಸ್’ನಲ್ಲಿ ಮೆಚ್ಚಿದ ಒರಟುತನವೇ ಮತ್ತೆ ಕಿವಿಗೆ ಬೀಳುತ್ತದೆ.

ಉತ್ತರ | ಹಳೆಯ ಕ್ಯಾಸೆಟ್

ಮೇಲಿನ ವಾದದ ಬಹುಭಾಗ ಸರಿಯಾಗಿದೆ, ಆದರೆ 2014ರ ‘ಮ್ಯಾನಿಪ್ಯುಲೇಟರ್’ ಅನ್ನು ಬಿಟ್ಟು ಈ ಕಥೆ ಹೇಳಲಾಗದು. 2012ರ ಒಂದೇ ವರ್ಷದಲ್ಲಿ ವೈಟ್ ಫೆನ್ಸ್ ಎಂಬ ಹೆಸರಿನಲ್ಲಿ ಹಾಡುವ ಟಿಮ್ ಪ್ರೆಸ್ಲಿ ಜೊತೆಗಿನ ‘ಹೇರ್’, ತಂಡದ ‘ಸ್ಲಾಟರ್‌ಹೌಸ್’, ತಮ್ಮ ಹೆಸರಿನಲ್ಲೇ ‘ಟ್ವಿನ್ಸ್’ ಎಂದು ಮೂರು ಆಲ್ಬಮ್ ಕೊಟ್ಟ ವ್ಯಕ್ತಿ, ‘ಮ್ಯಾನಿಪ್ಯುಲೇಟರ್’ ಒಂದಕ್ಕೇ ಒಂದು ವರ್ಷಕ್ಕೂ ಹೆಚ್ಚು ಕಾಲ ಮೀಸಲಿಟ್ಟರು. ಅಲ್ಲಿ ತಂತಿವಾದ್ಯಗಳ ಮೇಳವಿದೆ, ಪ್ರತಿಯೊಂದು ವಾದ್ಯವೂ ಬೇರೆಬೇರೆಯಾಗಿ ಸ್ಪಷ್ಟವಾಗಿ ಕೇಳಿಸುತ್ತದೆ. ಗ್ಯಾರೇಜ್ ರಾಕ್‌ನ ಜೀವಾಳವೇ ಅವಸರ ಎಂದು ನಂಬುವ ನನ್ನಂಥವರಿಗೆ ಇದು ನಿಜವಾದ ತಿರುವು. ಆ ಆಲ್ಬಮ್ ಅನ್ನು ನಾನು ಗೌರವಿಸುತ್ತೇನೆ, ಆದರೆ ಅದರಲ್ಲಿ ಏನೋ ಕಳೆದುಹೋಯಿತು ಎಂದೇ ನನ್ನ ಅನಿಸಿಕೆ. 2017ರಲ್ಲಿ ಧ್ವನಿಮುದ್ರಣ ತಜ್ಞ ಸ್ಟೀವ್ ಆಲ್ಬಿನಿ ಅವರೊಂದಿಗೆ, ತಂಡದವರೆಲ್ಲ ಕೂಡಿ ನುಡಿಸಿ ಧ್ವನಿಮುದ್ರಿಸಿದ ಆಲ್ಬಮ್‌ನಲ್ಲಿ ಅದು ಮರಳಿ ಸಿಕ್ಕಿತು.

ಇನ್ನೊಂದು ಮಾತು. 2011ರ ‘ಗುಡ್‌ಬೈ ಬ್ರೆಡ್’ನಿಂದ ಅವರ ಹೆಸರಿನ ಮುಖ್ಯ ಆಲ್ಬಮ್‌ಗಳೆಲ್ಲ ಷಿಕಾಗೋದ ಸ್ವತಂತ್ರ ಲೇಬಲ್ ಡ್ರ್ಯಾಗ್ ಸಿಟಿಯಿಂದಲೇ ಬಂದಿವೆ. ಒಂದು ವರ್ಷ ಸಿಂಥಸೈಜರ್, ಮರುವರ್ಷ ಅಕೂಸ್ಟಿಕ್, 2024ರಲ್ಲಿ ತಾಳವಾದ್ಯಗಳನ್ನೇ ನೆಚ್ಚಿದ ‘ಲವ್ ರೂಡಿಮೆಂಟ್ಸ್’ ಎಂದು ಮನಸ್ಸು ಬಂದ ಕಡೆ ಹೊರಳಲು ಇಂಥ ದೀರ್ಘ ನಂಟು ಬಹಳಷ್ಟು ನೆರವಾಗಿರಬೇಕು ಎಂದು ನನಗೆ ತೋರುತ್ತದೆ.

ಉತ್ತರ | ತಂತಿನಾದ

ಇಬ್ಬರಿಗೂ ಕೃತಜ್ಞತೆಗಳು. 2013ರ ಎರಡು ಆಲ್ಬಮ್‌ಗಳನ್ನು ಜೊತೆಗಿಟ್ಟು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ‘ಸ್ಲೀಪರ್’ ಮತ್ತು ‘ಫಜ್’ ಮುಗಿಸಿ ನೇರವಾಗಿ ‘ಹಲೋ, ಹಾಯ್’ಗೆ ಮರಳಬಹುದೇ?

ಉತ್ತರ | ನಾಲ್ಕನೇ ಟ್ರ್ಯಾಕ್

ನಡುವೆ 2018ರ ‘ಫ್ರೀಡಮ್ಸ್ ಗಾಬ್ಲಿನ್’ ಕೇಳಿ. ಹತ್ತೊಂಬತ್ತು ಹಾಡುಗಳ ಆ ದೊಡ್ಡ ಆಲ್ಬಮ್‌ನಲ್ಲಿ ಸ್ಯಾಕ್ಸೊಫೋನ್, ಫಂಕ್, ಮೆಲುಹಾಡು, ಕಿವಿಗಡಚಿಕ್ಕುವ ಫಜ್ (ವಿಕೃತಗೊಳಿಸಿದ ಗಿಟಾರ್ ನಾದ) ಎಲ್ಲವೂ ಅಕ್ಕಪಕ್ಕದಲ್ಲೇ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಿವಿಗೆ ಸುಲಭವಾಗಿ ರೂಢಿಯಾಗುತ್ತದೆ. ‘ಫಸ್ಟ್ ಟೇಸ್ಟ್’ ಅನ್ನು ಮಾತ್ರ ಹೆಡ್‌ಫೋನ್‌ನಲ್ಲೇ ಕೇಳಿ: ಅಲ್ಲಿ ಒಂದು ಕಿವಿಗೆ ಸೀಗಲ್ ಅವರ ಡ್ರಮ್ಸ್, ಇನ್ನೊಂದು ಕಿವಿಗೆ ಮೂಟ್‌ಹಾರ್ಟ್ ಅವರ ಡ್ರಮ್ಸ್ ಬರುತ್ತದೆ, ಸಣ್ಣ ಸ್ಪೀಕರ್‌ನಲ್ಲಿ ಆ ಜುಗಲ್‌ಬಂದಿ ತಿಳಿಯುವುದೇ ಇಲ್ಲ.